ಒಂದು ಕಾಜಾ ಕೆಳಗೆ

"ನನಗೆ ಬೇಜಾರಾ? ನಾನು ನಕ್ಕರೆ ಪಕ್ಕದ ಬೀದಿಯ ಹೆಣವೂ ಎದ್ದು ನಗುತ್ತೆ, ಡಾಕ್ಟ್ರಮ್ಮ," ಎಂದ ದರ್ಜಿ, ಊದಿದ ಬೆರಳುಗಳನ್ನು ಮೇಜಿನ ಮೇಲಿಟ್ಟು.

"ಹೊಲಿಗೆ ಮಿಷನ್ನಿನಲ್ಲಿ ಜೇಡ ಸಂಸಾರ ಹೂಡಿದೆ," ಎಂದಳು ಹೆಂಡತಿ. "ಬರೀ ಸೋಮಾರಿತನ."

ಡಾಕ್ಟರು ನೋಡಿದರು. ಆನೆಗೂ ಅಳತೆ ತಪ್ಪದೆ ಅಂಗಿ ಹೊಲಿಯುತ್ತೇನೆನ್ನುವವನ ಸ್ವಂತ ಅಂಗಿಯ ಗುಂಡಿಗಳು ಒಂದೊಂದು ಕಾಜಾ ಕೆಳಗೆ ಕೂತಿದ್ದವು.

"ಸೋಮಾರಿತನ ಅಲ್ಲಮ್ಮ. ಕೀಲಿನ ಉರಿಯೂತ ಕೆಲವರಲ್ಲಿ ಮಿದುಳಿನ ರಾಸಾಯನಿಕಗಳನ್ನೂ ಏರುಪೇರು ಮಾಡುತ್ತೆ, ಮನಸ್ಸು ಮಂಕಾಗುತ್ತೆ. ಅದಕ್ಕೂ ಚಿಕಿತ್ಸೆ ಇದೆ, ಇವರು ನಿಜ ಹೇಳಿದರೆ."

ಹೆಂಡತಿ ಬಾಗಿ ಅವನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕತೊಡಗಿದಳು.

"ಇದು ಹೊಸ ಫ್ಯಾಷನ್ನು..." ಎಂದು ಶುರು ಮಾಡಿದವನ ದನಿ ಕೊನೆಯ ಗುಂಡಿಗೆ ಬರುವಷ್ಟರಲ್ಲಿ ಇಳಿದಿತ್ತು. "ಬೆರಳು ನೋವಿನಿಂದಲ್ಲ ಕಣೇ. ಗುಂಡಿ ತಪ್ಪಿದ್ದು ಕಂಡಿತ್ತು. ಸರಿ ಮಾಡೋಣ ಅನ್ನಿಸಲಿಲ್ಲ. ಯಾವುದೂ ಬೇಕು ಅನ್ನಿಸ್ತಿಲ್ಲ."