ದೋಣಿಯಲ್ಲಿ ಉಳಿದವನು

ಭಾನುವಾರದ ಬೈಬಲ್ ಪಾಠದಲ್ಲಿ, ಕಥೆಯ ಹಲಗೆಗೆ ಅಂಟಿಸಿದ್ದ ಮುದಿ ಬೆಸ್ತ ಜೆಬೆದಾಯನ ಬಟ್ಟೆಯ ಬೊಂಬೆಯನ್ನು ಕಿತ್ತು ಸಿಸ್ಟರ್ ಅರುಳ್‌ಸೆಲ್ವಿ ಇನ್ನೇನು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು, ಅಷ್ಟರಲ್ಲಿ ಮುಂದೆ ಕೂತಿದ್ದ ಪುಟ್ಟ ಜೆನೋವಾ ಕೂಗಿದಳು. "ಸಿಸ್ಟರ್, ಅಜ್ಜನ್ನ ಯಾಕೆ ತೆಗೀತೀರ?"

"ಅವನದು ಮುಗೀತಲ್ಲಮ್ಮ. ಯೇಸು ಕರೆದರು, ಮಕ್ಕಳಿಬ್ಬರೂ ಅಪ್ಪನ್ನ ದೋಣೀಲಿ ಬಿಟ್ಟು ಅವರ ಹಿಂದೆ ಹೋದರು." ಕ್ರಿಸ್‌ಮಸ್ಸಿನ ಗೋದಲಿ ಬಿಚ್ಚಿಟ್ಟ ಮೇಲೆ ಜನವರಿಯಲ್ಲಿ ಬರುವ ಕಥೆ ಇದು. ಇಪ್ಪತ್ತೆರಡು ವರ್ಷದಿಂದ ಆ ಮುದುಕ ಇದೇ ಹೊತ್ತಿಗೆ ಡಬ್ಬಿ ಸೇರುತ್ತಿದ್ದ.

"ಎಲ್ಲಿ ಮುಗೀತು? ದೋಣಿ ಇನ್ನೂ ನೀರಲ್ಲೇ ಇದೆ! ಒಬ್ಬನೇ ಮುದುಕ ಅದನ್ನ ದಡಕ್ಕೆ ಹೆಂಗೆ ಎಳೀತಾನೆ?"

"ನಿಮ್ಮಜ್ಜಿನ ಕಳಿಸೇ ಎಳೆಯೋಕೆ" ಎಂದು ಹಿಂದಿನಿಂದ ಒಬ್ಬ ಕಿಚಾಯಿಸಿದ.

"ಕಳಿಸ್ತೀನಿ. ನಮ್ಮಜ್ಜಿ ನಿಮ್ಮಪ್ಪನಿಗಿಂತ ಗಟ್ಟಿ!"

ಬೆಸ್ತರ ಮಕ್ಕಳೆಲ್ಲ ಗೊಳ್ಳೆಂದು ನಕ್ಕರೂ ಅರುಳ್‌ಸೆಲ್ವಿಗೆ ನಗು ಬರಲಿಲ್ಲ. ಹದಿನೆಂಟರಲ್ಲಿ ಅವಳು ಕನ್ಯಾಮಠ ಸೇರಲು ಹೊರಟ ಬೆಳಿಗ್ಗೆ ಅಪ್ಪ ಬಲೆ ಹೊಲಿಯುತ್ತ ಕೂತಿದ್ದ, ತಲೆ ಎತ್ತಿರಲಿಲ್ಲ. ಕೋಪವೆಂದುಕೊಂಡು ಅವಳೂ ಮಾತಾಡಿಸಿರಲಿಲ್ಲ. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ದೋಣಿಯ ಹಗ್ಗಕ್ಕೆ ಎರಡನೆಯ ಕೈ ಎಂದರೆ ಅವಳದೇ. ಅವತ್ತು ಸಂಜೆ ದೋಣಿ ಎಳೆದವರು ಯಾರು? ಅಪ್ಪ ಇವತ್ತಿಗೂ ಮೂರು ಊರಿನಾಚೆ ಇದೇ ಕಡಲ ದಡದಲ್ಲಿದ್ದಾನೆ. ಅವಳು ಒಮ್ಮೆಯೂ ಅವನನ್ನು ಅದನ್ನು ಕೇಳಿರಲಿಲ್ಲ.

ಜೆಬೆದಾಯನನ್ನು ಮತ್ತೆ ದೋಣಿಯೊಳಗೆ ಅಂಟಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿದಳು.

"ಆಮೇಲೆ ಅಜ್ಜ ಏನು ಮಾಡಿದ, ಸಿಸ್ಟರ್?"

"ನಂಗೆ ಗೊತ್ತಿಲ್ಲ ಕಣಮ್ಮ" ಎಂದಳು. "ಬರೋ ಭಾನುವಾರದೊಳಗೆ ಕೇಳ್ಕೊಂಡು ಬರ್ತೀನಿ."