ಕಾಲರಿನ ಕಲೆ

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ಎರಡು ಲೋಟ ಕಾಫಿ ಮಾಡಿ, ಎರಡನ್ನೂ ನಾನೇ ಕುಡಿದೆ. ಆಮೇಲೆ ಗೂಟದಲ್ಲಿದ್ದ ಕಂದು ಕೋಟನ್ನು ಮಡಚಿಕೊಂಡು ಸ್ಟುಡಿಯೋಗೆ ಹೋದೆ.

ಒಂಬತ್ತು ವರ್ಷ ನನ್ನ ಗಂಡ ಆ ಕೋಟಿನಲ್ಲೇ ಟಿ.ವಿ. ಪತ್ತೇದಾರನಾಗಿದ್ದರು. ಬೀದಿಯ ಮಕ್ಕಳು ಕೋಟು ಕಂಡರೆ ಸಲ್ಯೂಟ್ ಹೊಡೆಯುತ್ತಿದ್ದರು. ಧಾರಾವಾಹಿ ಮುಗಿದ ಮೇಲೂ, ಎರಡನೆಯ ಭಾಗದ ಶೂಟಿಂಗ್ ಎಂದು ಎರಡು ವರ್ಷ ದಿನಾ ಅದನ್ನು ತೊಟ್ಟು ಹೋಗುತ್ತಿದ್ದರು. ಕೋಟು ಮಾತ್ರ ಸ್ಟುಡಿಯೋದ್ದು, ಎರವಲು.

ವೇಷಭೂಷಣ ನೋಡಿಕೊಳ್ಳುವ ಗಂಗಣ್ಣ ನನ್ನನ್ನು ಕಂಡು ಎದ್ದು ನಿಂತರು.

"ನೀವ್ಯಾಕಮ್ಮ ಬರೋಕೆ ಹೋದ್ರಿ? ಹೇಳಿಕಳಿಸಿದ್ರೆ ನಾನೇ ಬರ್ತಿದ್ದೆ."

"ಎರಡನೇ ಭಾಗ ಎಲ್ಲೀವರೆಗೆ ಬಂತು ಗಂಗಣ್ಣ?"

ಅವರು ಹ್ಯಾಂಗರ್ ಹುಡುಕತೊಡಗಿದರು. "ಅರ್ಧ ಆಗಿತ್ತಮ್ಮ. ಹೋದ ತಿಂಗಳೂ ಸಾಹೇಬ್ರು ಒಂದೇ ಟೇಕಲ್ಲಿ ಕಳ್ಳನ್ನ ಹಿಡಿದ್ರು. ಸೆಟ್ಟಲ್ಲಿ ಎಲ್ರೂ ಚಪ್ಪಾಳೆ!"

"ಮಧ್ಯಾಹ್ನ ಊಟ ಮಾಡ್ತಿದ್ರಾ?"

"ನನ್ನ ಜೊತೇಲೇ. ದಿನಾ. ಈ ಸ್ಟೂಲ್ ಮೇಲೆ ಕೂತು." ಇದನ್ನು ಹೇಳುವಾಗ ಮಾತ್ರ ಅವರು ನನ್ನ ಮುಖ ನೋಡಿದರು.

ವಾಪಸ್ ಬಂದ ಬಟ್ಟೆಯಲ್ಲಿ ಮೇಕಪ್ ಕಲೆ ಇದೆಯೇ ಎಂದು ನೋಡಿಯೇ ತೆಗೆದುಕೊಳ್ಳುವುದು ಅಲ್ಲಿಯ ರೂಢಿ. ಅಭ್ಯಾಸಬಲದಿಂದ ಗಂಗಣ್ಣ ಕಾಲರ್ ತಿರುವಿ ನೋಡಿದರು.

"ಎಷ್ಟು ಚೊಕ್ಕವಾಗಿ ಇಟ್ಟಿದೀರಮ್ಮ! ಒಂದು ಕಲೆಯೂ ಇಲ್ಲ."

"ಎರಡು ವರ್ಷದಿಂದ ಕಲೆ ಆಗಿರ್ಲೇ ಇಲ್ಲ ಗಂಗಣ್ಣ," ಎಂದು ಕೋಟನ್ನು ಅವರ ಕೈಗೆ ಬಿಟ್ಟೆ. "ಆದ್ರೂ ದಿನಾ ಸಂಜೆ ಅವರೆದುರೇ ಕೂತು ಕಾಲರ್ ಉಜ್ತಿದ್ದೆ."