ಹೊಸ ಫ್ರೇಮಿನ ಪಿಸ್ತೂಲು

"ಇಂಥದ್ದೇ ಇನ್ನೊಂದಿದೆ ಮೇಡಂ. ಅದು ಪೂರ್ತಿ ಹೊಸದು. ಇದೇ ಬೆಲೆಗೆ ಕೊಡ್ತೀನಿ."

"ಬೇಡ. ಇದೇ ಬೇಕು. ಇವತ್ತೇ."

ಅಮೆರಿಕದ ಓಹಿಯೋದ ಆ ಚಿಕ್ಕ ಪೇಟೆಯಲ್ಲಿ ಮೂವತ್ತೊಂದು ವರ್ಷದಿಂದ ಬಂದೂಕು ಮಾರುತ್ತಿದ್ದ ಹಾಲಿಸ್ ಟ್ರೂಯೆಟ್‌ಗೆ ಈ ಉತ್ತರ ಹಿಡಿಸಲಿಲ್ಲ. ಕೊಳ್ಳುವವರು ಮುಟ್ಟಿ ನೋಡುತ್ತಾರೆ, ತೂಗಿ ನೋಡುತ್ತಾರೆ, ಬೆಲೆ ಕೇಳಿ ಗೊಣಗುತ್ತಾರೆ. ಈ ಹೆಂಗಸು ಪಿಸ್ತೂಲನ್ನು ಮುಟ್ಟಿರಲಿಲ್ಲ. ಫೋನಿನಲ್ಲಿದ್ದ ಅಂಗಡಿಯ ಜಾಹೀರಾತನ್ನು ತೋರಿಸಿ, ಕೌಂಟರಿನ ಮೇಲೆ ಹಣ ಇಟ್ಟಿದ್ದಳು. ಐವತ್ತೈದು ದಾಟಿದ ವಯಸ್ಸು. ಚಾಲನಾ ಪರವಾನಗಿಯಲ್ಲಿದ್ದ ಹೆಸರು ವರ್ನಾ ಕೆಲ್ಸೊ, ಊರು ಎಪ್ಪತ್ತು ಮೈಲಿ ಆಚೆ.

ಪಕ್ಕದ ಸ್ಟೂಲಿನ ಮೇಲೆ ಡೂಯಿ ಹಾರ್ಟ್‌ಸಾಕ್ ಕೂತಿದ್ದ. ಗುರಿ ಸ್ಪರ್ಧೆಗಳ ಹುಚ್ಚಿನವನು. ಎರಡು ವಾರದಿಂದ ದಿನವೂ ಬಂದು ಅದೇ ಪಿಸ್ತೂಲನ್ನು ಕೈಯಲ್ಲಿ ಹಿಡಿದು ವಾಪಸು ಇಟ್ಟುಹೋಗುತ್ತಿದ್ದ.

"ತಗೋಬೇಡಿ ಮೇಡಂ," ಎಂದ ಡೂಯಿ. "ಸಾವಿರದ ನಾನೂರು ಡಾಲರಿಗೆ ಪ್ಲಾಸ್ಟಿಕ್ ಫ್ರೇಮಿನವು ಎರಡು ಬರ್ತವೆ. ಉಳಿದ ದುಡ್ಡಲ್ಲಿ ನಾನೂ ಹೆಂಡ್ತೀನೂ ಹೊರಗಡೆ ಊಟ ಮಾಡಬಹುದು."

"ಈ ಬೆಲೆ ಕೇಳಿದ ಮೇಲೆ ನಿನ್ನ ಹೆಂಡ್ತಿ ನಿನ್ನ ಜತೆ ಊಟಕ್ಕೆ ಬರ್ತಾಳೇನೋ?" ಎಂದ ಹಾಲಿಸ್. ಆಮೇಲೆ ಹೆಂಗಸಿನತ್ತ ತಿರುಗಿದ. "ಅವನ ಮಾತು ಬಿಡಿ. ಲೋಹದ ಫ್ರೇಮು ಭಾರ ಜಾಸ್ತಿ, ಅದಕ್ಕೇ ಗುಂಡು ಹಾರಿದಾಗ ಕೈಯಲ್ಲಿ ಜಿಗಿಯಲ್ಲ. ಹೆಚ್ಚಿಗೆ ಕೊಟ್ಟ ದುಡ್ಡು ಅದಕ್ಕೆ."

"ಫ್ರೇಮ್ ಒಂದೇ ಹೊಸದು, ಅಲ್ವಾ? ನಳಿಗೆ ಹಳೇದು?"

ಹಾಲಿಸ್ ಸುಳ್ಳು ಹೇಳುವವನಲ್ಲ. ಹಿಡಿಯೂ ಗುಂಡಿನ ಗೂಡೂ ಇರುವ ಕೆಳಭಾಗವೇ ಫ್ರೇಮ್. ಕಾಯ್ದೆಯ ಕಣ್ಣಿಗೆ ಅದೊಂದೇ ಪಿಸ್ತೂಲು, ಉಳಿದದ್ದೆಲ್ಲ ಬಿಡಿಭಾಗ. ನಳಿಗೆಯೂ ಅದರ ಮೇಲಿನ ಜಾರುಕವಚವೂ ಆನ್‌ಲೈನ್ ಹರಾಜಿನಲ್ಲಿ ಪೊಟ್ಟಣವಾಗಿ ಸಿಕ್ಕಿದ್ದವು. ಹೊಸ ಫ್ರೇಮಿಗೆ ಅವನ್ನು ಕೂರಿಸಿದ್ದು ತಾನೇ. "ಹಳೇದಾದ್ರೂ ಸವೆದಿಲ್ಲ. ಹೆಚ್ಚು ಹಾರಿಸಿದ್ದಲ್ಲ."

"ಹೆಚ್ಚಿಲ್ಲ," ಎಂದಳು ವರ್ನಾ.

"ಗುಂಡು ಎಷ್ಟು ಡಬ್ಬಿ ಕೊಡಲಿ?"

"ಗುಂಡು ಬೇಡ."

ಹಾಗಾದರೆ ಮನೆಯಲ್ಲಿದೆ, ಎಂದುಕೊಂಡ ಹಾಲಿಸ್. ಆರು ವರ್ಷದ ಹಿಂದೆ ಒಬ್ಬ ರಸಾಯನಶಾಸ್ತ್ರದ ಮೇಷ್ಟ್ರು ಇದೇ ಕೌಂಟರಿನ ಮುಂದೆ ನಿಂತು, ಇಷ್ಟೇ ಮೆತ್ತಗೆ ಮಾತಾಡಿ, ಚೌಕಾಸಿ ಮಾಡದೆ ಒಂದು ರಿವಾಲ್ವರ್ ಒಯ್ದಿದ್ದರು. ಎರಡನೇ ದಿನ, ಮೇಷ್ಟ್ರ ಶವದ ಪಕ್ಕ ಸಿಕ್ಕಿದ ಅದರ ನಂಬರು ಹಿಡಿದು ಪೊಲೀಸ್ ಶೆರಿಫ್ ಬಂದಿದ್ದ. ಆಮೇಲೆ ಹಾಲಿಸ್ ಬಂದೂಕು ವ್ಯಾಪಾರಿಗಳ ಒಂದು ತರಬೇತಿಗೆ ಹೋಗಿ ಕಲಿತುಬಂದ: ಅನುಮಾನ ಬಂದರೆ ಮಾರಬೇಡ. ಯಾಕೆ ಅಂತ ಕಾಯ್ದೆ ಕೇಳುವುದಿಲ್ಲ, ನೀನು ಕೇಳು.

"ಯಾರು ಬಳಸೋಕೆ ಮೇಡಂ?"

"ನನ್ನ ಮಗನ ಸಲುವಾಗಿ."

"ಹಾಗಾದ್ರೆ ಅವನೇ ಬಂದು ಫಾರ್ಮ್ ತುಂಬಲಿ."

"ಅವನು ಬರೋದಿಲ್ಲ." ಪೆನ್ನು ಎತ್ತಿಕೊಂಡು, "ನನಗೇ ಅಂತ ಬರ್ಕೊಳ್ಳಿ," ಎಂದಳು.

ಹಾಲಿಸ್ ಹಣವನ್ನು ಅವಳತ್ತ ಸರಿಸಿದ. "ಇವತ್ತು ನಿಮಗೆ ನಾನು ಇದನ್ನ ಮಾರಲ್ಲ ಮೇಡಂ."

"ಯಾಕೆ?"

"ಮನಸ್ಸು ಒಪ್ತಿಲ್ಲ." ಡ್ರಾಯರಿನಿಂದ ಆತ್ಮಹತ್ಯೆ ತಡೆ ಸಹಾಯವಾಣಿಯ ಒಂದು ಚೀಟಿ ತೆಗೆದುಕೊಟ್ಟ. "ಈ ನಂಬರಿಗೆ ಯಾವಾಗ ಫೋನ್ ಮಾಡಿದ್ರೂ ಮಾತಾಡ್ತಾರೆ. ಎಷ್ಟು ಹೊತ್ತಾದ್ರೂ."

ಅವಳು ಬಾಯಿ ತೆರೆದಳು. ಏನೋ ಹೇಳಹೊರಟವಳು ಚೀಟಿಯನ್ನು ನೋಡಿ ತಡೆದುಕೊಂಡಳು. "ಹಾಗಾದ್ರೆ ಅದನ್ನ ಒಳಗಿಡಿ. ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ. ನಾಳೆ ಮತ್ತೆ ಬರ್ತೀನಿ."

ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಡೂಯಿ ತಮಾಷೆ ಬಿಟ್ಟಿದ್ದ. ಜೇಬಿನಿಂದ ಕಾರ್ಡ್ ತೆಗೆದು ಕೌಂಟರಿನ ಮೇಲಿಟ್ಟ.

"ನನ್ನ ಹೆಸರಿಗೆ ಬರಿ. ನಾಳೆ ಆಕೆ ಬಂದಾಗ ಇದು ಅಂಗಡೀಲಿ ಇರಬಾರದು."

"ಎರಡು ವಾರ ನನ್ನ ಜೀವ ತಿಂದೋನು ನೀನು!"

"ಈಗ ಬೆಲೆ ಸರಿಯಾಗಿದೆ ಅನ್ನಿಸ್ತಿದೆ, ಕಣಯ್ಯ. ನಮ್ಮ ಮಗಳು ಜೋಲೀನ್‌ಗೆ ಬೇರೆ ಹದಿನೇಳು ತುಂಬ್ತಿದೆ. ಭಾನುವಾರ ಅವಳನ್ನೂ ಕರ್ಕೊಂಡು ಹೋಗಿ ಗುಂಡು ಹಾರಿಸೋದು ಕಲಿಸ್ತೀನಿ."

ಕೊಳ್ಳುವವನ ಹಿನ್ನೆಲೆ ತಪಾಸಣೆಯ ಫೋನು ಹತ್ತು ನಿಮಿಷ ಹಿಡಿಯಿತು. ವರ್ನಾಳ ಕಣ್ಣಿಗೆ ಬೀಳದಿರಲೆಂದು ಡೂಯಿ ಪೆಟ್ಟಿಗೆ ಹಿಡಿದು ಹಿಂಬಾಗಿಲಿನಿಂದ ಹೋದ.

ಅವಳ ಕಾರು ಇನ್ನೂ ಅಂಗಡಿಯ ಮುಂದೆಯೇ ನಿಂತಿತ್ತು. ಹಾಲಿಸ್ ಒಂದು ಲೋಟ ಕಾಫಿ ಹಿಡಿದು ಹೊರಗೆ ಬಂದ. ಆರು ವರ್ಷದಲ್ಲಿ ಮೊದಲ ಬಾರಿಗೆ ಎದೆ ಹಗುರವಾಗಿತ್ತು. ಅವಳು ಗಾಜು ಇಳಿಸಿದಳು.

"ಅದು ಮಾರಿಹೋಯ್ತು ಮೇಡಂ," ಎಂದ ಮೃದುವಾಗಿ. "ಒಳ್ಳೇ ಮನೆ ಸೇರಿದೆ. ಮಗಳಿಗೂ ಗುರಿ ಕಲಿಸ್ತಾನಂತೆ. ನೀವು ಇನ್ನು ಅದನ್ನ ಮರೆತುಬಿಡಿ."

ಅವಳು ಅಳಲಿಲ್ಲ. ಮಡಿಸಿದ ಕಾಗದವೊಂದನ್ನು ಅವನ ಕೈಗೆ ಕೊಟ್ಟಳು. ಅವಳ ಊರಿನ ಪೊಲೀಸ್ ಠಾಣೆಯ ರಸೀದಿ ಅದು. ಒಂದು ಪಿಸ್ತೂಲು, ಒಪ್ಪಿಸಿದವರು ವರ್ನಾ ಕೆಲ್ಸೊ, ಕೆಳಗೆ ಅದರ ನಂಬರು, ಅದರ ಮೇಲೆ ಮುದ್ರೆ: ನಾಶಪಡಿಸಲಾಗಿದೆ.

"ಮಗನ ಮಣ್ಣು ಮುಗಿಸಿದ ಮಾರನೇ ದಿನ ನಾನೇ ತಗೊಂಡುಹೋಗಿ ಕೊಟ್ಟಿದ್ದು. ಅವರು ಕತ್ತರಿಸಿದ್ದು ಫ್ರೇಮ್ ಒಂದನ್ನೇ, ಉಳಿದದ್ದು ಹರಾಜಿಗೆ ಹೋಯ್ತು. ನಿಮ್ಮ ಜಾಹೀರಾತಿನ ಫೋಟೋದಲ್ಲಿ ನಳಿಗೆ ಮೇಲೆ ಇದೇ ನಂಬರು ಓದಿದೆ. ಇವತ್ತು ಒಯ್ದು ನಾನೇ ಗರಗಸ ಹಾಕೋಣ ಅಂತ ಬಂದಿದ್ದೆ."

ಅವಳು ಕಾರು ಚಾಲೂ ಮಾಡಿದಳು.

"ಮಗ ಅದರಿಂದಲೇ ಸತ್ತ ಅಂತ ಹೇಳಿದ್ರೆ ನೀವು ಅದನ್ನ ನನಗೆ ಮಾರೋದಿಲ್ಲ ಅಂತ ಸುಮ್ಮನಿದ್ದೆ."